ದೊಡ್ಡಪ್ಪನ ಮನೆಗೆ ಮೈನಸ್ ಇಪ್ಪತ್ತಾರು

ಕಂಪ್ಯೂಟರ್ ಎಂಬುದು ಗಣಿತ ಬಲ್ಲವನ ಮುಂದೆ ಕೈಕಟ್ಟಿ ನಿಲ್ಲುವ ಯಂತ್ರ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ಕಾಲವೊಂದಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಲಬುರ್ಗಿಯ ಒಂದು ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತಿದ್ದೆ. ರಜೆಯಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆಯ ತರಬೇತಿ ಮುಗಿಸಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ಅದೇ ಊರಿನ ಶಹಾಬಜಾರದ ನಮ್ಮ ಮನೆಗೆ ತಂದು, ಒಂದು ವೆಕ್ಟರಿನಿಂದ ಇನ್ನೊಂದನ್ನು ಕಳೆಯುವ ಪ್ರೋಗ್ರಾಂ ಬರೆದಿದ್ದೆ.

ವೆಕ್ಟರ್ ಎಂದರೆ ಹೆದರಬೇಡಿ. ಸಾಲಾಗಿ ಕೂತ ಒಂದಷ್ಟು ಸಂಖ್ಯೆಗಳು, ಅಷ್ಟೆ. ಸಾಲು ಎಷ್ಟು ಉದ್ದವೋ ಅಷ್ಟು ಆಯಾಮ. ಮೊದಲನೆಯದರಿಂದ ಮೊದಲನೆಯದು, ಎರಡನೆಯದರಿಂದ ಎರಡನೆಯದು, ಹೀಗೆ ಕಳೆಯುತ್ತಾ ಹೋಗುವುದು. ನನ್ನ ಪ್ರೋಗ್ರಾಂ ಮೊದಲು ಆಯಾಮ ಎಷ್ಟು ಎಂದು ವಿನಯದಿಂದ ಕೇಳುತ್ತಿತ್ತು. ಕೇಳುತ್ತದೆ ಎಂದ ಮೇಲೆ ಎಷ್ಟು ಆಯಾಮವಿದ್ದರೂ ನಡೆಯಲೇಬೇಕಲ್ಲ! ಮೂರು ಆಯಾಮಕ್ಕೆ ನಡೆಸಿ ನೋಡಿದ್ದೆ. ಮಿಕ್ಕದ್ದನ್ನು ಗಣಿತದ ಮೇಲೆ ಬಿಟ್ಟಿದ್ದೆ.

ಇಷ್ಟಕ್ಕೇ ಸುಮ್ಮನಿದ್ದರೆ ಈ ಕಥೆ ಇರುತ್ತಿರಲಿಲ್ಲ. ನನ್ನ ಹೆಂಡತಿ ಪದ್ಮಾಳ ತಂಗಿ ಸುಧಾ ಕಲಬುರ್ಗಿಗೆ ಬಂದು ಕಂಪ್ಯೂಟರ್ ಕಲಿಯಬೇಕೆಂದು ಹಟ ಹಿಡಿದಿದ್ದಳು. ಕಮಲಾಪುರದಲ್ಲಿ ಬಾಳೆ ತೋಟವಿರುವ ಮಾವನವರಿಗೆ ಅದು ಒಪ್ಪಿಗೆಯಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಮಾವನವರ ಅಣ್ಣನಿಗೆ ಒಪ್ಪಿಗೆಯಿರಲಿಲ್ಲ. ಪದ್ಮಾ, ಸುಧಾ ಇಬ್ಬರಿಗೂ ಅವರು ದೊಡ್ಡಪ್ಪ. ಅವರು ಹೂಂ ಎನ್ನದೆ ಆ ಮನೆಯಲ್ಲಿ ಹಾಲು ಸಹ ಉಕ್ಕುತ್ತಿರಲಿಲ್ಲ.

"ಆ ಡಬ್ಬಿ ಏನ್ ಮಾಡ್ತದ ಅಂತ ಒಮ್ಮೆ ಕಣ್ಣಿಲೆ ನೋಡ್ತೀನಿ. ಆಮ್ಯಾಲ ಮಾತಾಡೂಣು," ಎಂದು ಮಾವನವರು ಹೇಳಿ ಕಳಿಸಿದರು.

ಅಧಿಕ ಮಾಸ ಬಂತು. ಆ ತಿಂಗಳು ಅಳಿಯ ಸಾಕ್ಷಾತ್ ವಿಷ್ಣು. ಕರೆದು, ಕೂರಿಸಿ, ಮೂವತ್ಮೂರು ಹಣ್ಣು ಕೊಟ್ಟು ನಮಸ್ಕಾರ ಮಾಡುತ್ತಾರೆ. ಇದಕ್ಕಿಂತ ಒಳ್ಳೆಯ ವೇದಿಕೆ ಎಲ್ಲಿ ಸಿಗಬೇಕು?

"ಮೊದ್ಲ ಮನ್ಯಾಗ ಒಮ್ಮೆ ಸರಿಯಾಗಿ ನೋಡ್ಕೋರಿ," ಎಂದಳು ಪದ್ಮಾ.

"ಗಣಿತಕ್ಕ ಟ್ರಯಲ್ ಬೇಕಾಗೂದಿಲ್ಲ!"

ಜೀಪಿನಲ್ಲಿ ಮಾನಿಟರ್ ಅನ್ನು ಕೌದಿಯಲ್ಲಿ ಸುತ್ತಿ ಪದ್ಮಾಳ ತೊಡೆಯ ಮೇಲಿಟ್ಟೆ. ಕಮಲಾಪುರ ಮುಟ್ಟುವವರೆಗೂ ರಸ್ತೆಯ ಒಂದೊಂದು ಗುಂಡಿಗೂ ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ನನ್ನನ್ನು ಮಣೆಯ ಮೇಲೆ ಕೂರಿಸಿ, ಹಣ್ಣು ಕೊಟ್ಟು, ಹಿರಿಯರೂ ಸೇರಿ ಎಲ್ಲರೂ ಕಾಲಿಗೆ ನಮಸ್ಕರಿಸಿದರು. ಆಮೇಲೆ ವಿಷ್ಣು ಎದ್ದು ಕಂಪ್ಯೂಟರಿನ ವೈರು ಜೋಡಿಸಿದ. ಹಾಕಬೇಕಾದ ಲೆಕ್ಕ ಮಾವನವರ ಮನೆಯಲ್ಲೇ ಸಿದ್ಧವಿತ್ತು. ಆ ತಿಂಗಳು ಮಾವನವರು ಹತ್ತಿರದವರ ಒಂದೊಂದು ಮನೆಗೂ ತೋಟದ ಕೆಂಪು ಬಾಳೆಹಣ್ಣು ಮೂವತ್ಮೂರರಂತೆ ಕೊಡುವುದು ರೂಢಿ. ಕಾಯಿ ಹಣ್ಣಾದಂತೆಲ್ಲ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು. ಕೊಡಬೇಕಾದದ್ದು ಒಂದು ವೆಕ್ಟರ್, ಕೊಟ್ಟದ್ದು ಇನ್ನೊಂದು. ಕಳೆದರೆ ಬಾಕಿ. ಎಂಥ ಸುಂದರ ಉದಾಹರಣೆ ಎಂದು ನಾನೇ ಪುಳಕಗೊಂಡೆ.

"ಎಷ್ಟ್ ಮನಿ ಅವ?" ಎಂದು ಕೇಳಿದೆ.

"ಹನ್ನೆರಡು. ನಡೀತದಿಲ್ಲೋ?" ಎಂದರು ಮಾವನವರು.

"ಹನ್ನೆರಡಲ್ಲ, ಸಾವಿರ ಹೇಳ್ರಿ!"

ಸುಧಾಳನ್ನೇ ಕೀಬೋರ್ಡಿನ ಮುಂದೆ ಕೂರಿಸಿದೆ. ಮೊದಲ ಮನೆ, ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ ದೊಡ್ಡಪ್ಪನವರದು. ಕೊಡಬೇಕಾದದ್ದು ಮೂವತ್ಮೂರು, ಕೊಟ್ಟದ್ದು ಮೂವತ್ತು. ಮಾವನವರು ಒಂದೊಂದೇ ಮನೆಯ ಅಂಕಿ ಹೇಳಿದರು, ಅವಳು ಒತ್ತಿದಳು. ಉತ್ತರ ಬಂತು. ತರಗತಿಯ ಗತ್ತಿನಲ್ಲಿ ನಾನು ಗಟ್ಟಿಯಾಗಿ ಓದಿಬಿಟ್ಟೆ.

"ದೊಡ್ಡಪ್ಪನವರ ಮನಿಗೆ ಮೈನಸ್ ಇಪ್ಪತ್ತಾರು!"

"ಮೈನಸ್ ಅಂದ್ರ ಏನ್ರೀ ಅಳಿಯಂದಿರ?" ಎಂದು ದೊಡ್ಡಪ್ಪನವರು ಕುತೂಹಲದಿಂದ ಕೇಳಿದರು.

ಇಲ್ಲಾದರೂ ಬಾಯಿ ಮುಚ್ಚಬಹುದಿತ್ತು. ಆದರೆ ಪಾಠ ಹೇಳುವವನಿಗೆ ಪ್ರಶ್ನೆ ಕೇಳಿದರೆ ಮುಗಿಯಿತು.

"ಅಂದ್ರ ನಾವು ಕೊಡೂದಲ್ರಿ, ನೀವೇ ಇಪ್ಪತ್ತಾರು ಹಣ್ಣು ವಾಪಸ್ ಕೊಡಬೇಕು!"

ದೊಡ್ಡಪ್ಪನವರು ಶಲ್ಯ ಕೊಡವಿ ಎದ್ದರು. "ತಮ್ಮನ ಮನಿ ಹಣ್ಣು ತಿಂದದ್ದಕ್ಕ ಲೆಕ್ಕ ಹಚ್ಚಲಾಕತ್ತೀರೇನು? ತಗೊಂಡ್ ಬರ್ರೋ ಯಾರರೆ ನಮ್ಮನಿ ಹಣ್ಣು!"

ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದ ಮಾತು ನೆನೆದರೆ ಈಗಲೂ ಮುಖ ಎಲ್ಲಿಡಲಿ ಎನಿಸುತ್ತದೆ. "ಇಲ್ರಿ, ಸುಧಾನೇ ಏನೋ ತಪ್ಪು ಒತ್ಯಾಳ," ಎಂದೆ.

"ನಾ ಸರಿಯಾಗೇ ಒತ್ತೀನಿ ಭಾವ," ಎಂದಳು ಸುಧಾ.

"ಅಂಕಿ ಒತ್ತಲಾಕ ಬರದಾಕಿಗೆ ಕಂಪ್ಯೂಟರ್ ಯಾಕ ಬೇಕು? ಮನ್ಯಾಗ ಇರಲಿ," ಎಂದರು ದೊಡ್ಡಪ್ಪ. ಮಾವನವರು ತಲೆ ತಗ್ಗಿಸಿದರು.

ಅಷ್ಟರಲ್ಲಿ ಯಂತ್ರ ಕಲ್ಲಾಗಿ ನಿಂತಿತ್ತು. ಯಾವ ಕೀ ಒತ್ತಿದರೂ ಉಸಿರಿಲ್ಲ.

"ವೋಲ್ಟೇಜ್ ಕಮ್ಮಿ ಅದ," ಎಂದೆ.

"ಫ್ಯಾನ್ ಚಂದ ತಿರಗಲಾಕತ್ತದಲ್ರೀ," ಎಂದಳು ಪದ್ಮಾ. ಹೆಂಡತಿಯಾದವಳು ಹೇಳುವ ಮಾತೇ!

ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಈ ಸಲ ನಾನೇ ಕೂತು, ಒಂದೊಂದು ಅಂಕಿಯನ್ನೂ ಮಂತ್ರದಂತೆ ಉಚ್ಚರಿಸಿ ಒತ್ತಿದೆ. ಮೈನಸ್ ಇಪ್ಪತ್ತಾರು! ಮತ್ತೆ ಕಲ್ಲು!

ಮೂರನೇ ಸಲ ಹಚ್ಚಿ ಪ್ರೋಗ್ರಾಂ ತೆರೆದು ನೋಡಿದೆ. ಮೊದಲ ಸಾಲಿನಲ್ಲೇ ನನ್ನ ಪಾಂಡಿತ್ಯ ಕೂತಿತ್ತು. ಒಂದೊಂದು ವೆಕ್ಟರಿಗೂ ಹತ್ತೇ ಸಂಖ್ಯೆಗಳ ಜಾಗ ಇಟ್ಟಿದ್ದೆ. ಹತ್ತಕ್ಕಿಂತ ಹೆಚ್ಚು ಯಾರಿಗೆ ಬೇಕು ಎಂದು! ಹತ್ತು ಎಲೆ ಹಾಕಿ ಹನ್ನೆರಡು ಮಂದಿಯನ್ನು ಊಟಕ್ಕೆ ಕರೆದರೆ ಇನ್ನೇನಾಗುತ್ತದೆ? ಹನ್ನೊಂದನೇ ಮನೆಗೆ ಕೊಟ್ಟಿದ್ದ ನಾಲ್ಕು ಹಣ್ಣು ಜಾಗ ಸಾಲದೆ ಪಕ್ಕದ ಪಂಕ್ತಿಗೆ ನುಗ್ಗಿ, ದೊಡ್ಡಪ್ಪನವರ ಮೂವತ್ಮೂರರ ಎಲೆಯ ಮೇಲೆ ಕೂತುಬಿಟ್ಟಿತ್ತು. ನಾಲ್ಕರಲ್ಲಿ ಮೂವತ್ತು ಹೋದರೆ ಮೈನಸ್ ಇಪ್ಪತ್ತಾರು. ಯಂತ್ರ ಕಳೆಯುವುದನ್ನು ಸರಿಯಾಗಿಯೇ ಕಳೆದಿತ್ತು.

ಸುಧಾ ಗೋಡೆಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಸುಮ್ಮನಿದ್ದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರೋಣವೇ ಎಂದು ಒಂದು ಗಳಿಗೆ ಯೋಚಿಸಿದೆ ಕೂಡ. ನಾಚಿಕೆಗೇಡು!

"ಸುಧಾಂದು ಏನೂ ತಪ್ಪಿಲ್ರಿ," ಎಂದೆ. "ಹತ್ತೇ ಮನಿಗೆ ಜಾಗ ಇಟ್ಟು ಸಾವಿರ ಮನಿ ನಡೀತದ ಅಂದೆ. ತಪ್ಪು ನಂದು."

ದೊಡ್ಡಪ್ಪನವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತರು. ಗಡ್ಡ ತುರಿಸಿಕೊಂಡು ತಮ್ಮನ ಕಡೆ ತಿರುಗಿದರು.

"ಸುಧಾನ ಕಲಬುರ್ಗಿಗೆ ಕಳಸು. ನಮ್ಮ ಮನ್ಯಾಗ ಒಬ್ಬರರೆ ಇದನ್ನ ನೆಟ್ಟಗ ಕಲೀಬೇಕು."

ಅಂತೂ ಕೆಲಸ ಕೈಗೂಡಿತಲ್ಲ! ಧೈರ್ಯ ಬಂದು, "ಹಂಗಾರ ನಮ್ಮ ಕಾಲೇಜಿನ್ಯಾಗೇ ಸೀಟು..." ಎಂದು ಬಾಯಿ ತೆರೆದೆ.

"ಅದೊಂದು ಬಿಟ್ಟು ಯಾವ್ದರೆ ಕಾಲೇಜಿಗೆ ಹಾಕು," ಎಂದರು ದೊಡ್ಡಪ್ಪ.

ಎಲ್ಲರೂ ತಲೆಯಾಡಿಸಿದರು. ಮೊದಲು ಆಡಿದ್ದು ಪದ್ಮಾಳ ತಲೆ!