ಅಳ್ಳಾಡಬ್ಯಾಡ್ರಿ, ದೊಡ್ಡಪ್ಪ

ತಪ್ಪಿದ್ದು ಕೂದಲೆಳೆಯಷ್ಟು ಮಾತ್ರ. ನರೇಗಲ್ಲಿನ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಸಂಗನಬಸವ ಹವ್ಯಾಸಕ್ಕೆಂದು ತರಿಸಿಕೊಂಡ ಲೇಥ್ ಮಷೀನಿನಲ್ಲಿ ಎಡಕ್ಕೊಂದು ಮೊನೆ, ಬಲಕ್ಕೊಂದು ಮೊನೆ. ಎಡದ ಹೆಡ್‌ಸ್ಟಾಕ್ ಕಟ್ಟಿಗೆ ಹಿಡಿದು ತಿರುಗಿಸಬೇಕು, ಬಲದ ಟೇಲ್‌ಸ್ಟಾಕ್ ಡ್ರಿಲ್ ಹಿಡಿದು ಅದರ ನಟ್ಟನಡುವೆ ತೂತು ಕೊರೆಯಬೇಕು. ಹತ್ತಿರ ತಂದರೆ ಎರಡೂ ಮೊನೆಗಳು ಒಂದಕ್ಕೊಂದು ತಾಗಬೇಕು. ಇವು ಮಾತ್ರ ಮದುವೆಯ ಪಂಕ್ತಿಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ಪಕ್ಕದಿಂದ ಹಾದುಹೋಗುತ್ತಿದ್ದವು.

ಬೇರೆ ದಿನವಾಗಿದ್ದರೆ ಬಿಡುವಾದಾಗ ನೋಡಿದರಾಯಿತು ಎನ್ನಬಹುದಿತ್ತು. ಆದರೆ ಆ ದಿನ ದೊಡ್ಡಪ್ಪ ಪ್ರಭುಲಿಂಗಪ್ಪ ಸಾಯುವುದರಲ್ಲಿದ್ದ.

ನರಗುಂದದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡಿ, ಕಾಳಿನ ಚೀಲದಂತೆಯೇ ಬೆಳೆದಿದ್ದ ಆ ದೇಹವನ್ನು ದವಾಖಾನೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಸಂಗನಬಸವನ ಮನೆಗೆ ಕಳಿಸಿಬಿಟ್ಟಿದ್ದರು. ದೊಡ್ಡಪ್ಪನಿಗೆ ಸಾವಿನ ಭಯವಿರಲಿಲ್ಲ. ಇದ್ದದ್ದು ವಿಮಾನದ ಭಯ. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ನಾಲ್ಕು ಬಿದಿರ ಕಂಬ, ಪ್ರತಿ ಕಂಬದ ತುದಿಗೆ ಒಂದು ಕಟ್ಟಿಗೆಯ ಕಲಶ. ತಮ್ಮನ, ಎಂದರೆ ಸಂಗನಬಸವನ ತಂದೆಯ ವಿಮಾನ ಹೋಗುವಾಗ ಒಂದು ಕಲಶ ನಡುಬಜಾರದಲ್ಲಿ ವಾಲಿ, ಕಳಚಿ, ಹೋಟೆಲಿನ ಚಹಾದ ಪಾತ್ರೆಯೊಳಗೆ ಬಿದ್ದಿತ್ತು. ಅವತ್ತು ಊರು ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು.

“ನನ್ನ ಕಲಶಾ ನೆಟ್ಟಗಿರಬೇಕು. ನಾಲ್ಕೂ ಕಣ್ಣಿಲೆ ನೋಡೇ ಹೋಗಾಂವ ನಾ” ಎಂದು ದೊಡ್ಡಪ್ಪ ಮುಂಜಾನೆಯೇ ಗೋಡೆ ಹಿಡಿಯುತ್ತ ಮಷೀನಿನ ಕೋಣೆಗೆ ಬಂದುಬಿಟ್ಟಿದ್ದ. “ಆಟಿಗಿ ಮಷೀನ ತಂದಿಯಲ್ಲ, ಮಾಡು ನೋಡೂಣು.”

ತಂದೆ ಹೋದ ಮೇಲೆ ಸಂಗನಬಸವನನ್ನು ಓದಿಸಿದವನು ಈ ದೊಡ್ಡಪ್ಪನೇ. ಎಂ.ಎಸ್ಸಿ. ಮುಗಿಸಿದಾಗ, ನೌಕರಿ ಹಿಡಿದಾಗ, ಮನೆ ಕಟ್ಟಿಸಿದಾಗ, ಯಾವಾಗಲೂ ಆ ಬಾಯಿಂದ ‘ಚಲೋ ಆತು’ ಎಂಬ ಮಾತು ಬಿದ್ದಿರಲಿಲ್ಲ. ಇವತ್ತು ಬೀಳದಿದ್ದರೆ ಇನ್ನು ಬೀಳುವುದೇ ಇಲ್ಲ.

ಮೊದಲ ಕಲಶಕ್ಕೆ ತೂತು ಓರೆಯಾಯಿತು. ಬಿದಿರಿಗೆ ಸಿಕ್ಕಿಸಿದರೆ ಕಾಪಿ ಹೊಡೆಯುವ ಹುಡುಗನ ಕುತ್ತಿಗೆಯಂತೆ ಪಕ್ಕಕ್ಕೆ ಬಾಗಿ ನಿಂತಿತು.

“ಇದು ನಿಮ್ಮಪ್ಪಂದು. ನಂದು ಮಾಡು” ಎಂದ ದೊಡ್ಡಪ್ಪ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಮಲ್ಲೇಶಪ್ಪ ವಾಸನೆ ಹಿಡಿದು ಬಂದ. ಅವನ ಹಿಂದೆ ಮೋಟರ್ ರಿಪೇರಿಯ ಖಾದರ.

“ಸುತ್ತಿಗಿ ತಗೊಂಡ ಒಂದ ಕೊಡ್ರಿ ಮಾಸ್ತರ, ತಾನಾಗೇ ಲೈನಿಗಿ ಬರತೈತಿ” ಎಂದ ಖಾದರ.

“ಸಾಲ್ಯಾಗ ಹುಡುಗೋರಿಗೂ ಹಂಗ ಮಾಡತಿದ್ರು. ಬಂದ್ರೇನು ಲೈನಿಗಿ?” ಎಂದ ಮಲ್ಲೇಶಪ್ಪ.

ಸಂಗನಬಸವ ಇಬ್ಬರ ಮಾತಿಗೂ ಕಿವಿಗೊಡದೆ ಟೇಲ್‌ಸ್ಟಾಕಿನ ಬುಡಕ್ಕೆ ತಗಡಿನ ಚೂರು ಕೊಟ್ಟು ಬೋಲ್ಟು ಬಿಗಿದ. ಮೊನೆಗಳು ತಾಗಿದವು. “ನೋಡೂಣು ತಡೀ” ಎಂದು ಮಲ್ಲೇಶಪ್ಪ ಮಷೀನಿನ ಮೇಜಿಗೆ ಮೊಣಕೈ ಊರಿದ. ಮೊನೆಗಳು ಮತ್ತೆ ಮುನಿಸಿಕೊಂಡವು.

ಆಗ ರೋಗ ತಿಳಿಯಿತು. ನೆಲದ ಫರ್ಸಿಕಲ್ಲು ಏರುತಗ್ಗು. ಮೇಜು ತಿರುಚಿಕೊಂಡು ನಿಂತಿದೆ. ಮೇಜಿನ ಜೊತೆ ಅದಕ್ಕೆ ಬಿಗಿದ ಮಷೀನೂ ತಿರುಚಿಕೊಂಡಿದೆ. ಎಲ್ಲಿ ಯಾರು ಆತುಕೊಂಡರೂ ಮೊನೆಗಳು ಜಾಗ ಬಿಡುತ್ತವೆ. ಇದನ್ನು ಅವನು ವಿವರಿಸುತ್ತಿದ್ದಾಗಲೇ ನಿಂತು ಸಾಕಾದ ದೊಡ್ಡಪ್ಪ ಮೇಜಿನ ಗೋಡೆ ಕಡೆಯ ಮೂಲೆಯ ಮೇಲೆ ಧೊಪ್ಪನೆ ಕುಳಿತ.

ಮೊನೆಗಳು ಎದುರುಬದುರಾದವು.

“ನೋಡ್ದ್ಯಾ? ನಾ ಕುಂತರ ಎಲ್ಲಾ ಸರಿ ಆಗತೈತಿ” ಎಂದ ದೊಡ್ಡಪ್ಪ. ಆದರೆ ಆ ಮನುಷ್ಯ ಸುಮ್ಮನೆ ಕೂರುವವನಲ್ಲ. ಡ್ರಿಲ್ ಕಟ್ಟಿಗೆಗೆ ತಾಗುವ ಹೊತ್ತಿಗೆ ಕೆಮ್ಮಿದ. ಒಂದು ಕಲಶ ಹೋಯಿತು. ನಸ್ಯದ ಡಬ್ಬಿಗಾಗಿ ಪಕ್ಕಕ್ಕೆ ವಾಲಿದ. ಇನ್ನೊಂದು ಹೋಯಿತು. ಮಲ್ಲೇಶಪ್ಪನ ಹಾಳು ಸುದ್ದಿಗೆ ತೊಡೆ ತಟ್ಟಿ ನಕ್ಕ. ಮತ್ತೊಂದು. ಸಾಗವಾನಿಯ ತುಂಡುಗಳಲ್ಲಿ ಉಳಿದದ್ದು ನಾಲ್ಕೇ.

ಸಂಗನಬಸವನ ತಾಳ್ಮೆ ಹರಿಯಿತು. “ದೊಡ್ಡಪ್ಪ! ಕೈ ಮುಗೀತೀನ್ರಿ! ಒಂದೀಟು ಬಾಯಿ ಮುಚ್ಚಿಕೊಂಡು ಅಳ್ಳಾಡದಂಗ ಕುಂಡ್ರಿ!”

ಪ್ರಭುಲಿಂಗಪ್ಪನಿಗೆ ಯಾರೂ ಎಂದೂ ಹಾಗೆ ಹೇಳಿರಲಿಲ್ಲ. ಮಲ್ಲೇಶಪ್ಪ “ಚಾ ಕುಡದ ಬರತೀವಿ” ಎಂದು ಖಾದರನ ತೋಳು ಹಿಡಿದು ಹೊರಬಿದ್ದ. ದೊಡ್ಡಪ್ಪ ತಮ್ಮನ ಮಗನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿ, ಶಾಲು ಬಿಗಿಯಾಗಿ ಹೊದ್ದು, ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡ.

ಸಂಗನಬಸವ ಕನ್ನಡಕ ಏರಿಸಿ, ಕಿವಿಗೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ನಿಂತ. ಕಡೆದ. ಕೊರೆದ. ಡ್ರಿಲ್ ಬೆಣ್ಣೆಯೊಳಗೆ ಇಳಿದಂತೆ ನೆಟ್ಟಗೆ ಇಳಿಯಿತು. ಮೋಟರು ಬಂದ್ ಮಾಡುವಷ್ಟು ಪುರುಸೊತ್ತಿಲ್ಲದೆ, ತಿರುಗುತ್ತಿದ್ದಂತೆಯೇ ಉಳಿಯಿಂದ ಕಡಿದು ಬಿಡಿಸಿದ ಕಲಶವನ್ನು ಬಿದಿರಿಗೆ ಸಿಕ್ಕಿಸಿ ದೊಡ್ಡಪ್ಪನ ಮುಂದೆ ಹಿಡಿದ. ಎದೆಗಿಳಿದಿದ್ದ ಆ ತಲೆ ಹೌದು ಹೌದು ಎಂಬಂತೆ ಮೆಲ್ಲಗೆ ಅಲುಗಿತು.

ಸಂಗನಬಸವನ ಕನ್ನಡಕ ಮಂಜಾಯಿತು. ದೊಡ್ಡಪ್ಪ ಬಾಯಿ ತೆರೆಯಲೊಲ್ಲ, ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ. ಎರಡನೆಯದಕ್ಕೂ ತಲೆ ಅಲುಗಿತು, ಮೂರನೆಯದಕ್ಕೂ. ನಾಲ್ಕನೆಯದನ್ನು ಅವನು ಕಣ್ಣೀರು ಒರೆಸಿಕೊಳ್ಳುತ್ತಲೇ ಕಡೆದ, ಅದಕ್ಕೂ ಅಲುಗಿತು. ಹೊತ್ತು ಇಳಿಯುವಾಗ ಮೋಟರು ಬಂದ್ ಮಾಡಿ ಕಿವಿಯ ಹತ್ತಿ ತೆಗೆದ.

“ಮುಗೀತ್ರಿ ದೊಡ್ಡಪ್ಪ. ತಪ್ಪಾತು, ಏನೇನೋ ಅಂದೆ.”

ಹತ್ತಿರ ಹೋಗಿ ಕೈ ಮುಟ್ಟಿದ. ತಣ್ಣಗಿತ್ತು.

ಮನೆ ತುಂಬ ಜನ ಸೇರಿದರು. ದೊಡ್ಡವ್ವ ಸಿದ್ದಲಿಂಗವ್ವ ಅಳುವ ಮೊದಲು ಕೇಳಿದ್ದು ಒಂದೇ: “ನೋಡಿದ್ರೇನೋ ಸಂಗಣ್ಣ? ಏನಂದ್ರು?”

“ನೋಡಿದ್ರು ದೊಡ್ಡವ್ವ. ಬಾಯಿಲೆ ಏನೂ ಅನ್ನಲಿಲ್ಲ. ನಾಲ್ಕಕ್ಕೂ ತಲಿ ಅಲುಗಿಸಿದ್ರು.”

ಮುದುಕಿ ಸೆರಗು ಬಾಯಿಗೊತ್ತಿಕೊಂಡಳು. “ನಾ ಮಾಡಿದ ಅಡಗಿಗೆ ಒಂದ ದಿನಾನೂ ಅಲುಗಿಸಲಿಲ್ಲೋ ಯಪ್ಪಾ!”

“ಮೆಚ್ಚಿಕೊಂಡ ಹ್ವಾದ್ರು” ಎಂದು ಮಲ್ಲೇಶಪ್ಪ ಬಾಗಿಲಲ್ಲಿ ನಿಂತು ಬಂದಬಂದವರಿಗೆಲ್ಲ ಸಾರತೊಡಗಿದ.

ಮಲ್ಲೇಶಪ್ಪನ ಮಗಳು ಮೇಘಾ ದವಾಖಾನೆಯಲ್ಲಿ ನರ್ಸು. ಅವಳು ದೊಡ್ಡಪ್ಪನ ಕಣ್ಣು, ದವಡೆ, ಕುತ್ತಿಗೆ ಮುಟ್ಟಿ ನೋಡಿ, ಸಂಗನಬಸವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: “ಸರ್, ಯಾವಾಗ ಹೋದ್ರು?”

“ಈಗ... ಕಡೀ ಕಲಶಾ ನೋಡಿದ ಮ್ಯಾಲ.”

“ಇಲ್ರಿ ಸರ್. ದವಡಿ ಬಿಗದಾವ. ತಾಸುಗಟ್ಟಲೆ ಆಗೇತಿ. ನಮ್ಮಪ್ಪ ಚಾಕ್ಕ ಹೊಂಟ್ರಲ್ಲ, ಅದರ ಬೆನ್ನಿಗೇ ಆಗಿರಬೇಕು.”

ಸಂಗನಬಸವ ಮಷೀನಿನ ಕಡೆ ನೋಡಿದ. ಫಿಜಿಕ್ಸ್ ಓದಿದವನಿಗೆ ದೊಡ್ಡ ಲೆಕ್ಕವೇನೂ ಬೇಕಾಗಲಿಲ್ಲ. ಜೀವವಿದ್ದ ದೊಡ್ಡಪ್ಪ ಕೂತಷ್ಟು ಹೊತ್ತು ಮೊನೆಗಳು ಸ್ಥಿರವಾಗಿರಲಿಲ್ಲ. ದೊಡ್ಡಪ್ಪ ಬರೀ ಭಾರವಾಗಿ ಉಳಿದ ಮೇಲೆಯೇ ತೂತು ನೆಟ್ಟಗಾದದ್ದು. ತಲೆಯೂ ಅಷ್ಟೇ. ಮೋಟರು ತಿರುಗಿ ಮೇಜು ನಡುಗುತ್ತಿದ್ದಾಗ ಮಾತ್ರ ಅಲುಗಿತ್ತು. ಆ ಮನುಷ್ಯ ಈ ಲೋಕದಲ್ಲಿ ಕೇಳಿದ ಕಡೆಯ ಮಾತು, ಬಾಯಿ ಮುಚ್ಚಿಕೊಂಡು ಕುಂಡ್ರಿ.

“ಸಂಗಣ್ಣಾ!” ಒಳಗಿನಿಂದ ದೊಡ್ಡವ್ವ ಕೂಗಿದಳು. “ಇಲ್ಲಿ ಬಾರಪಾ. ರೋಣದವರು ಬಂದಾರ. ನಿಮ್ಮ ದೊಡ್ಡಪ್ಪ ಹ್ಯಾಂಗ ತಲಿ ಅಲುಗಿಸಿದ್ರು, ಇವರಿಗಿ ಒಂಚೂರು ಮಾಡಿ ತೋರಸು.”

ಎಲ್ಲರೂ ಅವನ ಮುಖ ನೋಡಿದರು. ಸಂಗನಬಸವ ಗದ್ದವನ್ನು ಎದೆಗಿಳಿಸಿ, ಹೌದು ಹೌದು ಎಂಬಂತೆ ಮೆಲ್ಲಗೆ ತಲೆ ಅಲುಗಿಸಿದ. ಹೆಂಗಸರ ಅಳು ಒಮ್ಮೆಲೇ ಜೋರಾಯಿತು.

“ಹಂಗ ನಿಂದ್ರಪಾ, ಹೋಗಬ್ಯಾಡ” ಎಂದ ಮಲ್ಲೇಶಪ್ಪ ಬಾಗಿಲಿನಿಂದ. “ಗಜೇಂದ್ರಗಡದವರ ಗಾಡಿ ಬಂತು.”