ಇಂಗ್ಲಿಷಿಗೆ ಬಾಲ ಹಚ್ಚಿದ್ದು

ಪುಣೆಗೆ ಬಂದು ನಡುವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಹೊರಟವರ ಮನೆಯಲ್ಲಿ ಇಂಥವು ದಿನಾ ಒಂದಲ್ಲ ಒಂದು ನಡೆಯುತ್ತಲೇ ಇರುತ್ತವೆ. ಇದರಲ್ಲಿ ಕಾಲುಭಾಗ ನನ್ನ ಕೈವಾಡ. ಯಾವ ಕಾಲುಭಾಗ ಅಂತ ಮಾತ್ರ ಕೇಳಬೇಡಿ.

ನನ್ನ ಹೆಂಡತಿ ಯೆರವಡಾದ ಒಂದು ಕಂಪನಿಯ ಒಳಕೋಣೆಯಲ್ಲಿ ಫೈಲು ಜೋಡಿಸುವವಳು. ಅಲ್ಲಿ ರಿಸೆಪ್ಷನ್ ಕುರ್ಚಿ ಖಾಲಿಯಾಯಿತು. ಹೊಸದಾಗಿ ಬಂದ ಸಾಹೇಬರನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದರೆ ಕುರ್ಚಿ ಇವಳದೇ. ಧನಕವಡಿಯ ಸಂಜೆ ಕ್ಲಾಸಿಗೆ ಸೇರಿದಳು. ಜೊತೆಗಿರಲಿ ಅಂತ ನಾನೂ ಸೇರಿದೆ.

೧. ಹೋಂವರ್ಕ್

ನಾವು ಮಾತು ಮುಗಿಸಿ ಕೊನೆಗೆ 'ಹೌದಲ್ರಿ?' ಅಂತೀವಲ್ಲ, ಆ ಬಾಲದ ಪಾಠ. ಎದುರಿನವರ ಬಾಯಲ್ಲಿ ಉತ್ತರವನ್ನು ನಾವೇ ಇಟ್ಟುಬಿಡಬೇಕು, ಮನೆಯಲ್ಲಿ ರೂಢಿ ಮಾಡಿ ಬನ್ನಿ ಅಂದರು ಮೇಡಂ. ಊಟವಾದ ಮೇಲೆ ಹೆಂಡತಿ ಶುರುಮಾಡಿದಳು: "ಯು ವಿಲ್ ವಾಶ್ ದಿ ವೆಸೆಲ್ಸ್, ವೋಂಟ್ ಯು?" ಪಾಠದ ಪ್ರಕಾರ ಯೆಸ್ ಅಂದೆ. ಕಸ, ಬಟ್ಟೆ, ಬೆಳಗಿನ ಚಹಾ, ಎಲ್ಲಕ್ಕೂ ಬಾಲ ಬಂತು. ವಾರದ ಕೊನೆಗೆ ಮೇಡಂ ಅವಳ ಬೆನ್ನು ತಟ್ಟಿದರು. ನನ್ನ ಬೆನ್ನಿಗೆ ಬಾಮ್ ಹಚ್ಚಿತ್ತು, ತಟ್ಟುವಂತಿರಲಿಲ್ಲ.

೨. ಇಂಗ್ಲಿಷ್ ಊಟ

ನಮ್ಮ ಮನೆ ಮಾಲೀಕರು ಅಸಲಿ ಪುಣೇಕರರು. ಬಂದವರಿಗೆ ಬಾಗಿಲಲ್ಲೇ 'ಜೇವೂನಚ್ ಆಲಾ ಅಸಾಲ್ ನಾ?' ಅನ್ನುತ್ತಾರೆ. ಅಂದರೆ, ಉಂಡೇ ಬಂದಿರಬೇಕಲ್ಲ? ಎಂಥ ಹಸಿದವನೂ ಹೌದು ಅನ್ನಲೇಬೇಕು. ಅದನ್ನು ಇಂಗ್ಲಿಷಿಗೆ ಇಳಿಸುವ ಚಪಲ ನನಗೆ. ಊರಿಂದ ಹೆಂಡತಿಯ ತಮ್ಮ ಬಂದ. "ಯು ಹ್ಯಾವ್ ಈಟನ್, ಹ್ಯಾವಂಟ್ ಯು?" ಅಂದೆ. ತಿಳಿಯಲಿಲ್ಲ ಅಂತ ಒಪ್ಪುವ ಆಸಾಮಿಯಲ್ಲ ಅವನು. ಯೆಸ್ ಯೆಸ್ ಅಂದು ಕೂತ. ಒಳಗಿಂದ ಝುಣಕದ ಒಗ್ಗರಣೆ ಘಮ್ಮೆಂದಿತು. ನಾನು ಪೇಪರ್ ಓದುತ್ತಲೇ ಇದ್ದೆ. ಕಡೆಗೆ, ಹಂಗಂದ್ರ ಏನು ಅಂತ ಮೆಲ್ಲಗೆ ಕೇಳಿದ. ಹೇಳಿದೆ.

"ಹಂಗಾರ ಮಾಮಾ, ಇಂಗ್ಲಿಷಿನ್ಯಾಗ ಉಂಡೀನಿ. ಇನ್ನ ಕನ್ನಡದಾಗ ನೀಡ್ರಿ."

೩. ರಿಸೆಪ್ಷನ್ ಕುರ್ಚಿ

ಸಂದರ್ಶನದ ದಿನ ನಾನು ಅರ್ಧ ತೆರೆದ ಬಾಗಿಲ ಹೊರಗೆ ಕೂತಿದ್ದೆ. ಕೇಳಿದ್ದಕ್ಕೆಲ್ಲ ಚಂದ ಉತ್ತರ ಕೊಟ್ಟಳು. ತಾನೂ ಬಾಲ ಹಚ್ಚಿ ಒಂದೆರಡು ಪ್ರಶ್ನೆ ಎಸೆದಳು. ಸಾಹೇಬರು ನಕ್ಕು, "ಯು ವಾಂಟ್ ದಿಸ್ ಜಾಬ್, ಡೋಂಟ್ ಯು?" ಅಂದರು.

ನಮ್ಮ ಕಡೆಯವರ ರೀತಿ ನಿಮಗೆ ಗೊತ್ತಿರಬೇಕು. ಯಾರೇ ಏನೇ ಕೊಡಲು ಬರಲಿ, ಮೊದಲ ಸಲ ಬ್ಯಾಡ್ರಿ, ಎರಡನೇ ಸಲ ಯಾಕ ತ್ರಾಸ್ ತಗೋತೀರಿ, ಮೂರನೇ ಸಲಕ್ಕೆ ಕೈ ಚಾಚುವುದು. ಕೊಟ್ಟ ತಕ್ಷಣ ತಗೊಂಡರೆ ಆಸೆಬುರುಕರು.

"ನೋ ನೋ, ಸರ್," ಅಂದಳು ನಾಚುತ್ತ.

ಸಾಹೇಬರ ನಗು ನಿಂತಿತು. ಬೇಡವೇ ಅಂತ ಇನ್ನೊಮ್ಮೆ ಇಂಗ್ಲಿಷಿನಲ್ಲೇ ಕೇಳಿದರು. "ವೈ ಟ್ರಬಲ್, ಸರ್," ಅಂದಳು. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಒಳಗೆ ನುಗ್ಗಿ ಬಿಡಿಸಿ ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಸಾಹೇಬರು ಅವಳನ್ನೇ ದಿಟ್ಟಿಸಿ, "ಅಕ್ಕಾರ, ನಿಮ್ಮದು ಯಾವೂರ್ರಿ?" ಅಂದರು.

"ಗದಗ್ರಿ."

"ನಮ್ಮದು ಹುಬ್ಬಳ್ಳಿ. ಮೂರನೇ ಸಲ ಕೇಳಾಕತ್ತೀನಿ. ಇನ್ನರ ಹೂಂ ಅನ್ರಿ."

ನಾನು ಮತ್ತೆ ಕೂತೆ. ಹೆಂಡತಿ ಸೆರಗು ಸರಿಮಾಡಿಕೊಂಡು, "ನೀವು ಇಷ್ಟು ಒತ್ತಾಯ ಮಾಡಿದ ಮ್ಯಾಲೆ ಹ್ಯಾಂಗ ಒಲ್ಲೆ ಅನ್ಲಿರಿ?" ಅಂದಳು.