ಸ್ಪೇನಿನ ಮಾವನ ಚಮಚ

ನಮ್ಮ ಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಸವದತ್ತಿಯ ತರಕಾರಿ ಪೇಟೆ ಹೇಳುತ್ತದೆ. ಒಂದು ಕಿಲೋ ಬದನೆಕಾಯಿ ಕೊಳ್ಳಲು ಮುಕ್ಕಾಲು ತಾಸು ತೆಗೆದುಕೊಳ್ಳುವ, ಒಂದೊಂದನ್ನೂ ಬೆರಳಲ್ಲಿ ತಟ್ಟಿ, ಮೂಗಿಗೆ ಹಿಡಿದು, "ಇದು ನಿನ್ನೀದೈತ್ರಿ" ಎಂದು ವಾಪಸ್ ಇಡುವ ಮನುಷ್ಯನ ಬಗ್ಗೆ ಪೇಟೆ ಇನ್ನೇನು ಹೇಳೀತು? ಅದರಲ್ಲೂ ಆ ಮನುಷ್ಯ ಆರಡಿ ಎತ್ತರದ, ಕೆಂಪು ಗಡ್ಡದ, ಮೊಣಕಾಲು ಚಡ್ಡಿ ಹಾಕುವ ಸ್ಪೇನ್ ದೇಶದವನಾಗಿದ್ದರೆ?

ಹೌದು, ಸ್ಪೇನ್. ನಮ್ಮ ಸೋದರತ್ತೆ ಗೋವಾದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ, ಕಾದ ಎಣ್ಣೆಯಲ್ಲಿ ಕೈ ಸುಟ್ಟುಕೊಂಡು ಬಂದ ಹೋಟೆಲ್ ಅಡಿಗೆಯವನೇ ಈ ಮಾವ. ಹದಿನೈದು ದಿನ ಒಲೆಯ ಹತ್ತಿರ ಸುಳಿಯಬೇಡ ಎಂದು ಅತ್ತೆ ತಾಕೀತು ಮಾಡಿದಳಂತೆ. ಹದಿನಾರನೆಯ ದಿನ ಆತ ಒಂದು ಡಬ್ಬಿ ತುಂಬ ಮಸಾಲೆ ಅನ್ನ ಮಾಡಿಕೊಂಡು ದವಾಖಾನೆಯ ಬಾಗಿಲಲ್ಲಿ ನಿಂತಿದ್ದ. ಮುಂದಿನದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ಹೇಳುವುದಿಲ್ಲ. ಒಟ್ಟಿನಲ್ಲಿ ಮದುವೆಯಾಯಿತು, ಅತ್ತೆಗೆ ಸವದತ್ತಿಯಲ್ಲಿ ಕೆಲಸ ಸಿಕ್ಕಿತು, ಮಾವ ತನ್ನ ಏಳು ಚಾಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದೆಯೇ ಬಂದಿಳಿದ.

ಕನ್ನಡವನ್ನು ಆತ ಕಲಿತದ್ದು ಅತ್ತೆಯಿಂದಲ್ಲ, ಪೇಟೆಯಿಂದ. ಪೇಟೆಯವರು ಗಿರಾಕಿಗಳಿಗೆ 'ರಿ' ಹಚ್ಚಿ ಮಾತಾಡುತ್ತಾರಲ್ಲ, ಹಾಗಾಗಿ ಮಾವನೂ ಎಲ್ಲರಿಗೂ 'ರಿ' ಹಚ್ಚುತ್ತಾನೆ. ದಾರಿಗೆ ಅಡ್ಡ ನಿಂತ ಎಮ್ಮೆಗೆ "ಸ್ವಲ್ಪ ಸರೀರಿ, ಹೊತ್ತಾಗೇತಿ" ಎಂದು ಕೈ ಮುಗಿದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಎಮ್ಮೆ ಸರಿಯಿತು ಕೂಡ. ಅದಕ್ಕೆ ಅಷ್ಟು ಮರ್ಯಾದೆ ಯಾರು ಕೊಟ್ಟಿದ್ದರು?

ಬಸ್ ಸ್ಟ್ಯಾಂಡಿನ ಹಿಂದೆ ಆತ ಮೊದಲು ತೆರೆದದ್ದು ಪಕ್ಕಾ ತನ್ನೂರಿನ ಹೋಟೆಲು. ಮೊದಲ ದಿನ ಬೆಳ್ಳುಳ್ಳಿ, ಟೊಮೆಟೊ, ಸವತೆಕಾಯಿ ಅರೆದು ಮಾಡಿದ ತಣ್ಣನೆಯ ಸಾರನ್ನು ಬಟ್ಟಲಲ್ಲಿ ಹಾಕಿ ಎಲ್ಲರ ಮುಂದೆ ಇಟ್ಟ. ಆ ಸಾರನ್ನು ಅವನ ದೇಶದಲ್ಲಿ ಬೇಸಿಗೆಯಲ್ಲಿ ತಣ್ಣಗೇ ಕುಡಿಯುತ್ತಾರಂತೆ. ಮೂಲೆಯ ಟೇಬಲ್ಲಿನಿಂದ ಹಿರಿಯರೊಬ್ಬರು ಬಟ್ಟಲು ಎತ್ತಿ ಕರೆದರು.

"ಮಾಲಕ್ರ, ಸಾರು ಆರೇತಿ. ಜರಾ ಕಾಸಿ ಕೊಡ್ರಿ."

"ಇದು ತಣ್ಣಗ ಇರೋ ಸಾರ್ರಿ."

"ತಣ್ಣಗ ಐತಿ ಅನ್ನೋದು ನಮಗೂ ತಿಳೀತ್ರಿ. ಅದಕ್ಕ ಕಾಸ್ರಿ ಅಂದೆ."

ಮಾವ ಕಾಸಿ ಕೊಟ್ಟ. ಆ ದಿನ ಹನ್ನೊಂದು ಬಟ್ಟಲು ಕಾಸಿದನಂತೆ, ಒಂದೊಂದು ಕಾಸಿದಾಗಲೂ ಅವನ ದೇಶದಲ್ಲಿ ಯಾರೋ ಒಬ್ಬರು ನಿದ್ದೆಯಿಂದ ಬೆಚ್ಚಿ ಏಳುತ್ತಿದ್ದರಂತೆ. ಇದು ಅವನದೇ ಮಾತು.

ಎರಡನೆಯ ದಿನ ಅಗಲ ಬಾಣಲೆಯಲ್ಲಿ ಅನ್ನ ಮಾಡಿದ. ಅದನ್ನು ಸೌಟು ಹಾಕಿ ತಿರುವುವಂತಿಲ್ಲ, ತಳದ ಅಗಳು ಕೆಂಪಗೆ ಹತ್ತಿಕೊಳ್ಳಬೇಕು, ಅದೇ ಅದರ ಜೀವ. ಆ ಹತ್ತಿದ್ದನ್ನು ಮಾವ ತಾನೇ ಕೆರೆದು, ತೀರ್ಥ ಹಂಚುವಂತೆ ಎಲ್ಲರ ತಟ್ಟೆಗೂ ಚೂರು ಚೂರು ಹಾಕಿದ. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಾತ ಎದ್ದು ಹೋಗುವಾಗ ಮಾವನ ಬೆನ್ನು ತಟ್ಟಿ, "ತಳಾ ಹಿಡದೈತ್ರಿ. ಇರಲಿ, ಹೊಸಾ ಅಂಗಡಿ. ಕಲೀತೀರಿ ಬಿಡ್ರಿ" ಎಂದು ಸಮಾಧಾನ ಹೇಳಿದ. ಇಪ್ಪತ್ತೆರಡು ವರ್ಷ ಆ ಅನ್ನ ಮಾಡಿ ಹೆಸರು ಗಳಿಸಿದ್ದ ಮನುಷ್ಯ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಎರಡು ತಿಂಗಳಲ್ಲಿ ಹೋಟೆಲು ಖಾನಾವಳಿಯಾಯಿತು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬಂದರು. ಎಣ್ಣೆಗಾಯಿ, ಜುಣಕ, ಕಾಳುಪಲ್ಯ, ಶೇಂಗಾ ಹಿಂಡಿ ಎಲ್ಲ ಬಂದವು. ಮಾವ ಹಟದ ಮನುಷ್ಯ, ಎಲ್ಲವನ್ನೂ ತಾನೇ ಕಲಿತ. ವರ್ಷ ತುಂಬುವಷ್ಟರಲ್ಲಿ ನವಿಲುತೀರ್ಥದ ಅಣೆಕಟ್ಟು ನೋಡಲು ಬಂದವರೂ ಈ ಕೆಂಪು ಗಡ್ಡದವನ ಎಣ್ಣೆಗಾಯಿಗಾಗಿ ಸವದತ್ತಿಯಲ್ಲಿ ಇಳಿಯತೊಡಗಿದರು. ಬೈಲಹೊಂಗಲದ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು ಭಾನುವಾರ ತಪ್ಪದೆ ಬಸ್ ಹತ್ತಿ ಹೋಗುತ್ತಿದ್ದೆ. ಸಂಬಂಧ ಉಳಿಸಿಕೊಳ್ಳಬೇಕಲ್ಲ!

ಊರೆಲ್ಲ ಉಂಡಿತು. ಒಬ್ಬರನ್ನು ಬಿಟ್ಟು. ಆ ಒಬ್ಬರು ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಮಾವನ ಸ್ವಂತ ಅತ್ತೆ.

ಜಾತಿ, ದೇಶ ಎಂದೆಲ್ಲ ನೀವು ಊಹಿಸಿದರೆ ಆಯಿಗೆ ಅನ್ಯಾಯ ಮಾಡಿದಂತೆ. ಮದುವೆಯ ದಿನ ಅಳಿಯನಿಗೆ ಆರತಿ ಎತ್ತಿದ್ದು ಆಕೆಯೇ. ತಕರಾರು ಇದ್ದದ್ದು ಚಮಚದ ಮೇಲೆ. ಮದುವೆಯಾದ ಹೊಸದರಲ್ಲಿ ಮಾವ ಮನೋಳಿ ಊರಿನ ಆಯಿಯ ಮನೆಯಲ್ಲಿ ಆಸೆಪಟ್ಟು ಅಡಿಗೆ ಮಾಡಿದ್ದ. ಕುದಿಯುವ ಸಾರಿನಿಂದ ಒಂದು ಚಮಚ ತೆಗೆದು, ಊದಿ, ನೆಕ್ಕಿ ನೋಡಿ, ಉಪ್ಪು ಹಾಕಿ, ಮತ್ತೆ ನೆಕ್ಕಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಆಯಿ ಅದನ್ನು ಕಂಡು ಸೆರಗು ಬಾಯಿಗೆ ಹಿಡಿದಳು.

ಆಯಿಯ ಅಡಿಗೆಮನೆಯ ಕಾಯಿದೆ ಇಷ್ಟೇ. ಮೊದಲು ದೇವರಿಗೆ ಎಡೆ, ಆಮೇಲೆ ಉಣ್ಣುವವರಿಗೆ, ಕೊನೆಗೆ ಅಡಿಗೆ ಮಾಡಿದವರಿಗೆ. ನಡುವೆ ಯಾರ ನಾಲಿಗೆಯೂ ಪಾತ್ರೆಯ ಹತ್ತಿರ ಬರುವಂತಿಲ್ಲ. ಬಂದರೆ ಅದು ಎಂಜಲು. ಪ್ರತಿ ಸಲವೂ ಬೇರೆ ಚಮಚ ತೆಗೆದುಕೊಂಡೆ ಎಂದು ಮಾವ ಹದಿನಾಲ್ಕು ಚಮಚಗಳನ್ನು ಸಾಲಾಗಿ ಇಟ್ಟು ತೋರಿಸಿದ.

"ಚಮಚದ ಮಾತಲ್ರಿ ಅಳ್ಯಾರ" ಎಂದಳು ಆಯಿ. "ಉಣ್ಣವರಕಿಂತ ಮೊದಲ ಉಂಡವ್ರು ಎಂಥಾ ಅಡಗಿಯವ್ರು?"

"ಅವ್ವಾರ, ರುಚಿ ನೋಡದ ಬಡಿಸಿದ್ರ ಅದು ಉಣ್ಣವ್ರಿಗೆ ಮೋಸರಿ."

ಇಬ್ಬರೂ ಉಣ್ಣುವವರ ಪರವಾಗಿಯೇ ಮಾತಾಡುತ್ತಿದ್ದರು. ಆದರೆ ಆಯಿ ಆ ದಿನ ಉಣ್ಣಲಿಲ್ಲ, ಮುಂದೆ ಒಂಬತ್ತು ವರ್ಷ ಉಣ್ಣಲಿಲ್ಲ.

ಮಾವನಿಗೆ ಇದೊಂದೇ ಕೊರಗು. ಆಯಿಗಾಗಿ ಮೀನು ಬಿಟ್ಟ, ಮೊಟ್ಟೆ ಬಿಟ್ಟ, ಅಡಿಗೆಮನೆಯಲ್ಲಿ ದೇವರ ಫೋಟೊ ಇಟ್ಟ. ಚಮಚ ಮಾತ್ರ ಬಿಡಲಾಗಲಿಲ್ಲ. "ಕಣ್ಣು ಕಟ್ಟಿ ಬಸ್ಸು ಹೊಡಿ ಅಂದ್ರ ಹೊಡೀತಾರೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದ. ಸೊಸೆಯಂಥ ನನಗೂ 'ರಿ'!

ಆಯಿ ಏನು ಕಡಿಮೆ? ಸಂತೆಯ ದಿನ ಮನೋಳಿಯಿಂದ ಬಸ್ಸಿಗೆ ಬಂದು, ಖಾನಾವಳಿಯ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಗಾಳಿಗೆ ಕೂತು, ತನ್ನ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಮಾಲೀಕನ ಅತ್ತೆಯೇ ಮನೆಯಿಂದ ಬುತ್ತಿ ತಂದು ಉಂಡರೆ ಹೊಸ ಗಿರಾಕಿ ಏನು ತಿಳಿಯಬೇಕು?

"ಯಾಕಬೇ ಯವ್ವಾ, ಇಲ್ಲಿ ಊಟ ಛಲೋ ಇರಂಗಿಲ್ಲೇನು?" ಎಂದು ಒಬ್ಬ ಕೇಳಿದ.

"ಭಾಳ ಛಲೋ ಇರತೈತಂತಪಾ. ನಾ ಉಂಡಿಲ್ಲ" ಎಂದಳು ಆಯಿ. ಗಿರಾಕಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಾವ ಒಮ್ಮೆ ಮೋಸಕ್ಕೂ ಇಳಿದ. ತಾನು ಮಾಡಿದ ಎಣ್ಣೆಗಾಯಿಯನ್ನು ಹೆಂಡತಿಯ ಕೈಯಲ್ಲಿ ಮನೋಳಿಗೆ ಕಳಿಸಿ, ನಾನೇ ಮಾಡಿದ್ದು ಎಂದು ಹೇಳಲು ಹೇಳಿಕೊಟ್ಟ. ಆಯಿ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿದಳು. "ನೀ ಬೆಳ್ಳುಳ್ಳಿ ಹಿಂಗ ಕೆಂಪಗ ಯಾವಾಗ ಕರದಿದ್ದಿ ಹೇಳು? ಇದು ಅಳ್ಯಾರ ಕೈ" ಎಂದು ಡಬ್ಬಿ ವಾಪಸ್ ಮಾಡಿದಳು. ಸೋತೆನೆಂದು ಮಾವ ಬೇಸರಪಡಲಿಲ್ಲ. ಆಯಿಯ ಮೂಗು ತನ್ನ ಕೈಯನ್ನು ಗುರುತಿಸಿತಲ್ಲ ಎಂದು ಇಡೀ ವಾರ ಹಿಗ್ಗಿ ಓಡಾಡಿದ.

ಆಮೇಲೆ ಕೊರೊನಾ ಬಂತು. ಎರಡನೆಯ ಸುತ್ತಿನಲ್ಲಿ ಮಾವ ಮಲಗಿದ. ಜ್ವರ ಎಂಟು ದಿನದಲ್ಲಿ ಇಳಿಯಿತು, ಆದರೆ ಹೋಗುವಾಗ ಮಾವನ ನಾಲಿಗೆ ಮೂಗು ಎರಡನ್ನೂ ಒಯ್ದಿತ್ತು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದರೂ ಏನಿಲ್ಲ. ಉಪ್ಪು ನೆಕ್ಕಿದರೂ ಏನಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಲಾಕ್‌ಡೌನ್ ಮುಗಿದು ಖಾನಾವಳಿ ತೆರೆದ ದಿನ, ಮಾವ ಹಳೆಯ ಚಾಳಿಯಂತೆ ಚಮಚ ಹಿಡಿದು ರುಚಿ ನೋಡಿದ, ಸಪ್ಪೆ ಎನಿಸಿ ಉಪ್ಪು ಹಾಕಿದ, ಮತ್ತೆ ನೋಡಿದ, ಮತ್ತೆ ಹಾಕಿದ. ದಿನದ ಗಿರಾಕಿಯಾದ ಆಟೊದ ಚಾಚಾ ಒಂದು ತುತ್ತು ಬಾಯಿಗಿಟ್ಟು ಅರ್ಧ ತಂಬಿಗೆ ನೀರು ಕುಡಿದ.

"ಮಾಲಕ್ರ, ಪಲ್ಯಾದಾಗ ಗೋವಾದ ಸಮುದ್ರಾ ಪೂರಾ ಸುರುವೀರೇನು?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಗಿರಾಕಿಗಳು ಹೋದ ಮೇಲೆ ಬಾಗಿಲು ಎಳೆದು, ಏಳು ಚಾಕುಗಳನ್ನು ತೊಳೆದು ಒರೆಸಿ ಅದೇ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ. ಹತ್ತು ದಿನ ಖಾನಾವಳಿ ತೆರೆಯಲಿಲ್ಲ. ನಾನು ನೋಡಲು ಹೋದಾಗ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಎಂಥ ಬಾಯಿಬಡುಕ ಮನುಷ್ಯ! ನನಗೆ ಅಳು ಬಂತು, ಅಡಗಿಸಿಕೊಂಡೆ.

ಹನ್ನೊಂದನೆಯ ದಿನ ಮನೋಳಿಯ ಬಸ್ಸಿನಿಂದ ಆಯಿ ಇಳಿದಳು. ಅಂದು ಸಂತೆಯಿರಲಿಲ್ಲ. ಕೈಯಲ್ಲಿ ಬುತ್ತಿಯೂ ಇರಲಿಲ್ಲ. ನೇರವಾಗಿ ಬಂದು ಅಳಿಯನ ಮುಂದೆ ನಿಂತಳು.

"ಹಸಿವ್ಯಾಗೇತಿ. ಏಳ್ರಿ, ಒಲಿ ಹಚ್ಚರಿ."

"ನಾಲಿಗಿ ಇಲ್ರಿ ಅವ್ವಾರ."

"ಅರವತ್ತು ವರ್ಷ ಅಡಗಿ ಮಾಡೇನಿ. ಪಾತ್ರಿಗೆ ಒಂದ ದಿನಾ ನಾಲಿಗಿ ಹಚ್ಚಿಲ್ಲ. ನಾ ಮಾಡಿದ್ದು ಯಾರರ ಒಗದಾರೇನು? ಏಳ್ರಿ ಅಂದೆ."

ಮಾವ ಎದ್ದ. ಆ ದಿನದಿಂದ ಮೂರು ವಾರ ಆಯಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಳು. ಉಪ್ಪನ್ನು ಅಂಗೈ ಗುಳಿಯಲ್ಲಿ ಅಳೆಯುವುದು, ಬೇಳೆ ಸೌಟಿನಿಂದ ಬೀಳುವ ರೀತಿ ನೋಡಿ ಹದ ಹೇಳುವುದು, ಒಗ್ಗರಣೆಯ ಸದ್ದು ಕೇಳಿ ಒಲೆ ಸಣ್ಣ ಮಾಡುವುದು, ಎಲ್ಲ ಹೇಳಿಕೊಟ್ಟಳು. ಮಾವ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೋದರೆ ಕಸಿದುಕೊಂಡು ಒಲೆಯ ಹಿಂದೆ ಎಸೆದಳು. "ಪುಸ್ತಕಾ ನೋಡಬ್ಯಾಡ್ರಿ, ಗಡಿಗಿ ನೋಡ್ರಿ."

ಮೊದಲ ದಿನದ ಅಡಿಗೆ ಆದ ಮೇಲೆ ಆಯಿ ಬಾಗಿಲ ಪಕ್ಕದ ತನ್ನ ಟೇಬಲ್ಲಿಗೆ ಹೋಗಿ ಕೂತಳು. ಮಾವ ತಟ್ಟೆ ತಂದಿಟ್ಟ. ಆ ಪಾತ್ರೆಗೆ ಯಾವ ಚಮಚವೂ ಇಳಿದಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ಆಯಿ ಅಳಿಯ ಮಾಡಿದ್ದನ್ನು ರೊಟ್ಟಿಗೆ ಹಚ್ಚಿ ಬಾಯಿಗಿಟ್ಟಳು. ನಾನು, ಅತ್ತೆ, ರೊಟ್ಟಿ ಬಡಿಯುವ ಹೆಂಗಸರು ಎಲ್ಲ ಕತ್ತು ಚಾಚಿ ನೋಡುತ್ತ ನಿಂತಿದ್ದೆವು.

"ಉಪ್ಪು ಎಳ್ಳಷ್ಟ ಕಡಿಮಿ" ಎಂದಳು ಆಯಿ, ಎರಡನೆಯ ರೊಟ್ಟಿಗೆ ಕೈ ಹಾಕುತ್ತ. ಮಾವ ಒಳಗೆ ಹೋಗಿ ಈರುಳ್ಳಿ ಬುಟ್ಟಿಯ ಮೇಲೆ ಕೂತು ಅತ್ತ. ಈರುಳ್ಳಿಯನ್ನು ಯಾರೂ ಹೆಚ್ಚಿರಲಿಲ್ಲ.

ಖಾನಾವಳಿ ಮತ್ತೆ ಹತ್ತಿಕೊಂಡಿತು. ಆಯಿ ವಾರಕ್ಕೆ ಮೂರು ಸಲ ಬಂದು ಮೊದಲ ತಟ್ಟೆ ಉಣ್ಣತೊಡಗಿದಳು. ಹೀಗೆ ಏಳೆಂಟು ತಿಂಗಳು ಕಳೆದಿರಬೇಕು. ಒಂದು ಭಾನುವಾರ ನಾನು ಹಿಂಬಾಗಿಲಿಂದ ನುಗ್ಗಿದಾಗ ಮಾವ ಬಾಣಲೆಯಲ್ಲಿ ಕೆಂಪಗಾಗುತ್ತಿದ್ದ ಬೆಳ್ಳುಳ್ಳಿಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಮೂಗರಳಿಸಿ ನಗುತ್ತಿದ್ದ. ನನ್ನನ್ನು ಕಂಡು ಕಳ್ಳನಂತೆ ನೆಟ್ಟಗಾದ.

"ಮಾವಾ, ವಾಸನಿ ಬಂತೇನು?"

"ಬಂದು ಮೂರು ತಿಂಗಳಾತ್ರಿ. ರುಚೀನೂ ಬಂದೈತಿ. ಯಾರಿಗೂ ಹೇಳಬ್ಯಾಡ್ರಿ."

"ಯಾಕ?"

"ಅವ್ವಾರಿಗೆ ಗೊತ್ತಾದ್ರ, ಇಂವಾ ಮತ್ತ ಚಮಚ ಹಿಡೀತಾನ ಅಂತ ಬುತ್ತಿ ತರತಾರ."

ಮೂರು ತಿಂಗಳು! ನಾಲಿಗೆಯಲ್ಲೇ ಹುಟ್ಟಿ ಬೆಳೆದ ಮನುಷ್ಯ, ಬಂದ ನಾಲಿಗೆಯನ್ನು ಬಚ್ಚಿಟ್ಟುಕೊಂಡು ಪಾತ್ರೆಯ ಮುಂದೆ ಕೈ ಕಟ್ಟಿ ನಿಂತಿದ್ದ. ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಅಂದೇ ಆಯಿ ಮೊದಲ ತಟ್ಟೆಗೆ ಕೂತಳು, ಎದುರಿಗೆ ನಾನು. ಅರ್ಧ ರೊಟ್ಟಿ ಮುಗಿಸಿದ ಮೇಲೆ ಆಕೆ ತಲೆಯೆತ್ತದೆ ಅಳಿಯನನ್ನು ಕರೆದಳು.

"ನಾಲಿಗಿ ಬಂದು ಎಷ್ಟ ದಿನಾ ಆತ್ರಿ?"

ಮಾವ ನನ್ನ ಕಡೆ ನೋಡಿದ. ನಾನು ಹೇಳಿಲ್ಲವೆಂದು ಕತ್ತು ಅಲ್ಲಾಡಿಸಿದೆ.

"ಆಕಿ ಕಡೆ ಏನ ನೋಡತೀರಿ? ಬೆಳ್ಳುಳ್ಳಿ ಕರಿಯೋ ಮುಂದ ನಿಮ್ಮ ಮಾರಿ ನಾ ನೋಡಿಲ್ಲೇನು?" ಎಂದ ಆಯಿ ತನ್ನ ತಟ್ಟೆಯಿಂದಲೇ ಒಂದು ಚೂರು ರೊಟ್ಟಿ ಮುರಿದು, ಪಲ್ಯ ಹಿಡಿದು, ಕೈ ಮೇಲೆತ್ತಿದಳು. "ನಾ ಉಣ್ಣಾಕ ಹತ್ತೇನಿ. ಇನ್ನ ನೀವು ರುಚಿ ನೋಡಿದ್ರ ಅದು ಎಂಜಲಲ್ಲ. ದಿನಾ ಹಿಂಗ ಮಾಡೂಣು. ಬಾಯಿ ತಗೀಯಪಾ ಮಗನ."

ಆರಡಿ ಎತ್ತರದ ಮಾವ ಮೊಣಕಾಲೂರಿ ಕೂತು ಬಾಯಿ ತೆರೆದ. ಆಯಿಯ ಎಂಜಲು ಕೈ ಅವನ ಕೆಂಪು ಗಡ್ಡಕ್ಕೆ ತಾಗಿತು. ಬಹಳ ಹೊತ್ತು ಅಗಿದ.

"ಉಪ್ಪು ಸರಿ ಐತೇನು?"

"ಸರಿ ಐತ್ರಿ ಅವ್ವಾರ."

ಅದೇ ಪಲ್ಯವನ್ನು ನಾನೂ ಆಗಲೇ ಅರ್ಧ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ. ನನ್ನೊಡನೆ ಮಾತಾಡುವ ಗಾಬರಿಯಲ್ಲಿ ಮಾವ ಆ ದಿನ ಅದಕ್ಕೆ ಉಪ್ಪೇ ಹಾಕಿರಲಿಲ್ಲ.